ಕಡಲ ತೀರದ ಕಾಂಡೋ ಹೋಟೆಲ್‌ನಲ್ಲಿ ಮಕ್ಕಳ ಜೊತೆ ಉಳಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉಷ್ಣವಲಯದ ಕಡಲ ತೀರಕ್ಕೆ ಮನೆಮಂದಿಯೆಲ್ಲ ಹೊರಡುವಾಗ ಕಾಂಡೋ ಹೋಟೆಲ್ ತುಂಬಾ ಅನುಕೂಲ. ಆದರೆ ಸರಿಯಾಗಿ ವಿಚಾರಿಸದೆ ಬುಕ್ ಮಾಡಿ ಬೇಜಾರು ಮಾಡಿಕೊಳ್ಳುವವರೂ ಇಲ್ಲಿ ಜಾಸ್ತಿ. ಪುಟ್ಟ ಮಕ್ಕಳನ್ನೋ ವಯಸ್ಸಾದ ಅಪ್ಪ ಅಮ್ಮನನ್ನೋ ಕರೆದುಕೊಂಡು ಹೋಗುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕಾಂಡೋ ಹೋಟೆಲ್ ಅಂದ್ರೆ ಏನು? ಮಾಮೂಲಿ ಹೋಟೆಲ್‌ಗೂ ಇದಕ್ಕೂ ಏನು ವ್ಯತ್ಯಾಸ?

ಹೊರಗಿನಿಂದ ನೋಡಿದರೆ ಹೋಟೆಲ್ಲೇ. ರಿಸೆಪ್ಶನ್ ಇರುತ್ತದೆ, ಈಜುಕೊಳ ಇರುತ್ತದೆ, ಲಿಫ್ಟ್ ಇರುತ್ತದೆ. ಆದರೆ ಒಳಗಿನ ಒಂದೊಂದು ಮನೆಗೂ ಒಬ್ಬೊಬ್ಬ ಮಾಲೀಕರು. ವರ್ಷದಲ್ಲಿ ಕೆಲವು ದಿನ ಅವರೇ ಬಂದು ಇರುತ್ತಾರೆ, ಮಿಕ್ಕ ದಿನ ಬಾಡಿಗೆಗೆ ಬಿಡುತ್ತಾರೆ. ಬುಕಿಂಗ್, ಕೀ, ಕ್ಲೀನಿಂಗ್ ಎಲ್ಲವನ್ನೂ ಒಂದು ಕಂಪನಿ ನೋಡಿಕೊಳ್ಳುತ್ತದೆ. ಬಂದ ಬಾಡಿಗೆಯಲ್ಲಿ ಅದಕ್ಕೂ ಪಾಲು. ಮೆಟ್ಟಿಲು, ಲಿಫ್ಟ್, ಕೊಳ, ತೋಟ ಇವೆಲ್ಲ ಮಾಲೀಕರೆಲ್ಲರಿಗೂ ಸೇರಿದ್ದು.

ಇದರಿಂದ ನಮಗೇನು ಅಂತೀರಾ? ಒಂದೇ ಮಹಡಿಯಲ್ಲಿರುವ, ಒಂದೇ ಅಳತೆಯ ಎರಡು ಮನೆಗಳು ಒಳಗೆ ಪೂರ್ತಿ ಬೇರೆ ಬೇರೆ ಇರಬಹುದು. ಒಬ್ಬರು ಹೋದ ವರ್ಷ ತಾನೇ ಅಡುಗೆ ಮನೆ ಹೊಸದಾಗಿ ಮಾಡಿಸಿರುತ್ತಾರೆ. ಪಕ್ಕದ ಮನೆಯ ಸೋಫಾದ ಸ್ಪ್ರಿಂಗ್ ಕೂತರೆ ಚುಚ್ಚುತ್ತಿರುತ್ತದೆ. ಹಾಗಾಗಿ ‘ಹೋಟೆಲ್ ಹೇಗಿದೆ’ ಅಂತ ಕೇಳಿದರೆ ಸಾಲದು, ‘ನಮಗೆ ಕೊಡುವ ಮನೆ ಹೇಗಿದೆ’ ಅಂತ ಕೇಳಬೇಕು. ಮುಂದಿನ ಅರ್ಧಕ್ಕರ್ಧ ಉತ್ತರಗಳು ಈ ಒಂದು ವಿಷಯದ ಮೇಲೇ ನಿಂತಿವೆ.

ಫೋಟೋದಲ್ಲಿ ನೋಡಿದ ಮನೆಯೇ ಸಿಗುತ್ತಾ?

ಸಿಗಬಹುದು, ಸಿಗದೆಯೂ ಇರಬಹುದು. ಕೆಲವು ಕಡೆ ಮನೆಯ ನಂಬರ್ ಹಾಕಿಯೇ ಬಾಡಿಗೆಗೆ ಇಟ್ಟಿರುತ್ತಾರೆ. ಅಲ್ಲಿ ನೋಡಿದ್ದೇ ಸಿಗುತ್ತದೆ. ಇನ್ನು ಕೆಲವು ಕಡೆ ‘ಎರಡು ಬೆಡ್‌ರೂಮ್, ಸಮುದ್ರ ಕಾಣುವ ಮನೆ’ ಅಂತ ಬರೀ ವರ್ಗ ಬರೆದಿರುತ್ತಾರೆ. ಆ ವರ್ಗದಲ್ಲಿ ಯಾವುದು ಖಾಲಿ ಇದೆಯೋ ಅದನ್ನು ಚೆಕ್ ಇನ್ ದಿನ ಕೊಡುತ್ತಾರೆ. ಫೋಟೋ ಆ ವರ್ಗದ ಅತ್ಯಂತ ಚೆಂದದ ಮನೆಯದ್ದಾಗಿರುತ್ತದೆ.

ದುಡ್ಡು ಕಟ್ಟುವ ಮುಂಚೆ ಒಂದು ಮೆಸೇಜ್ ಹಾಕಿ. ಮನೆ ನಂಬರ್ ಯಾವುದು, ಎಷ್ಟನೇ ಮಹಡಿ, ಒಳಗಿನ ಈಗಿನ ಫೋಟೋ ಕಳಿಸುತ್ತೀರಾ ಎಂದು ಕೇಳಿ. ನಂಬರ್ ಈಗಲೇ ಹೇಳಲು ಆಗುವುದಿಲ್ಲ ಎಂದರೆ ಅದರಲ್ಲಿ ಮೋಸವೇನೂ ಇಲ್ಲ. ಆದರೆ ನಿಮಗೆ ಇರಲೇಬೇಕಾದ ವಸ್ತುಗಳನ್ನು, ಅಂದರೆ ತೊಟ್ಟಿಲು, ವಾಷಿಂಗ್ ಮಷಿನ್, ಬಾತ್‌ಟಬ್ ಇಂಥವನ್ನು ಬರವಣಿಗೆಯಲ್ಲೇ ಖಚಿತ ಮಾಡಿಕೊಳ್ಳಿ. ಫೋನಿನಲ್ಲಿ ‘ಆಯ್ತು ಸರ್’ ಎಂದಿದ್ದು ರಾತ್ರಿ ಹನ್ನೊಂದಕ್ಕೆ ನೀವು ಬ್ಯಾಗ್ ಹಿಡಿದು ನಿಂತಾಗ ಯಾರಿಗೂ ನೆನಪಿರುವುದಿಲ್ಲ.

ತೋರಿಸಿದ ಬಾಡಿಗೆ ಬಿಟ್ಟು ಬೇರೆ ಏನೇನು ಕೊಡಬೇಕಾಗುತ್ತೆ?

ಕ್ಲೀನಿಂಗ್ ಚಾರ್ಜು, ರಿಸಾರ್ಟ್ ಫೀಸು (ಕೊಳದಂಥ ಸೌಲಭ್ಯಗಳಿಗೆ ಹಾಕುವ ಶುಲ್ಕ), ತೆರಿಗೆ, ಪಾರ್ಕಿಂಗ್, ಡೆಪಾಸಿಟ್. ಎಲ್ಲವೂ ಎಲ್ಲ ಕಡೆ ಇರುವುದಿಲ್ಲ. ಆದರೆ ಕ್ಲೀನಿಂಗ್ ಚಾರ್ಜಿನ ಲೆಕ್ಕ ಗೊತ್ತಿರಲಿ. ಅದನ್ನು ಸಾಮಾನ್ಯವಾಗಿ ದಿನಕ್ಕಿಷ್ಟು ಅಂತ ಹಾಕುವುದಿಲ್ಲ, ಒಂದು ಬುಕಿಂಗ್‌ಗೆ ಇಷ್ಟು ಅಂತ ಹಾಕುತ್ತಾರೆ. ಎರಡೇ ರಾತ್ರಿ ಉಳಿದರೂ ಅಷ್ಟೇ, ಹತ್ತು ರಾತ್ರಿ ಉಳಿದರೂ ಅಷ್ಟೇ. ಹಾಗಾಗಿ ಎರಡು ದಿನದ ಪ್ರವಾಸಕ್ಕೆ ಮಾಮೂಲಿ ಹೋಟೆಲ್ಲೇ ಅಗ್ಗ ಬೀಳಬಹುದು. ವಾರ ಇರುವುದಾದರೆ ಕಾಂಡೋ ಲಾಭ.

ಅಮೆರಿಕದಲ್ಲಿ 2025ರ ಮೇ 12ರಿಂದ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿಯೇ ಬೆಲೆ ತೋರಿಸಬೇಕು ಎಂಬ ನಿಯಮ ಬಂದಿದೆ. ತೆರಿಗೆಯನ್ನು ಬೇರೆಯಾಗಿ ತೋರಿಸಬಹುದು. ಎಲ್ಲ ದೇಶಗಳಲ್ಲೂ ಇಂಥ ನಿಯಮವಿಲ್ಲ. ಬುಕಿಂಗ್‌ನ ಕೊನೆಯ ಹಂತದವರೆಗೂ ಹೋಗಿ, ಒಟ್ಟು ಮೊತ್ತ ನೋಡಿ, ಅದನ್ನು ರಾತ್ರಿಗಳಿಂದ ಭಾಗಿಸಿ. ಹೋಲಿಸಲು ಬೇಕಾದ ಬೆಲೆ ಅದು.

ಕೈಗೂಸನ್ನೂ ತಲೆ ಲೆಕ್ಕಕ್ಕೆ ಹಿಡಿತಾರಾ?

ಬಹಳ ಕಡೆ ಹಿಡಿಯುತ್ತಾರೆ. ಒಂದು ಮನೆಯಲ್ಲಿ ಗರಿಷ್ಠ ಇಷ್ಟು ಜನ ಎಂಬುದಕ್ಕೆ ಬೆಂಕಿ ಸುರಕ್ಷತೆಯ ನಿಯಮವೂ ಒಂದು ಕಾರಣ. ಹಾಗಾಗಿ ‘ಮಗು ನಮ್ಮ ಜೊತೆಗೇ ಮಲಗುತ್ತೆ ಬಿಡಿ’ ಎಂದರೆ ನಡೆಯುವುದಿಲ್ಲ. ಮೊದಲೇ ಹೇಳಿಬಿಡಿ.

‘ಆರು ಜನ ಮಲಗಬಹುದು’ ಎಂದು ಬರೆದಿದ್ದರೆ ಅದರಲ್ಲಿ ಇಬ್ಬರಿಗೆ ಹಾಲ್‌ನ ಸೋಫಾ ಕಮ್ ಬೆಡ್ ಎಂದೇ ತಿಳಿಯಿರಿ. ಮಕ್ಕಳಿಗೆ ಅದು ಸಾಕು. ಸೊಂಟ ನೋವಿರುವ ಅಜ್ಜಿಗೆ ಸಾಲದು. ಕೆಲವು ದೊಡ್ಡ ಮನೆಗಳನ್ನು ಮಧ್ಯದ ಒಂದು ಬಾಗಿಲು ಹಾಕಿ ಎರಡು ಮಾಡಿ, ಬೇರೆ ಬೇರೆ ಜನರಿಗೂ ಕೊಡುತ್ತಾರೆ. ನಿಮ್ಮದು ಅಂಥದ್ದಾದರೆ ಆ ಬಾಗಿಲಿಗೆ ನಿಮ್ಮ ಕಡೆಯಿಂದಲೂ ಚಿಲಕ ಇದೆಯೇ ನೋಡಿ. ಪಕ್ಕದವರ ಮಾತು ಆ ಬಾಗಿಲಿನಿಂದ ಕೇಳಿಸುವುದು ಸಾಮಾನ್ಯ.

ಬಾಲ್ಕನಿ ಇರುವ ಮನೆ ಪುಟ್ಟ ಮಕ್ಕಳಿಗೆ ಸರಿಯಾ?

ಸಮುದ್ರ ತೀರಕ್ಕೆ ಹೋಗಿ ಬಾಲ್ಕನಿ ಬೇಡ ಎನ್ನುವುದು ಕಷ್ಟ. ಆದರೆ ಇಡೀ ಮನೆಯಲ್ಲಿ ನನಗೆ ಅತಿ ಹೆಚ್ಚು ಭಯ ಇರುವ ಜಾಗ ಇದು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಒಳಗೆ ಹೋದ ಕೂಡಲೇ, ಬ್ಯಾಗ್ ಬಿಚ್ಚುವ ಮುಂಚೆ, ಒಬ್ಬರು ಮಕ್ಕಳನ್ನು ಹಿಡಿದುಕೊಳ್ಳಿ, ಇನ್ನೊಬ್ಬರು ಬಾಲ್ಕನಿಗೆ ಹೋಗಿ. ಮೊದಲು ಕಂಬಿಗಳ ಸಂದು ನೋಡಿ. ಅಮೆರಿಕದ ಕಟ್ಟಡ ನಿಯಮದಲ್ಲಿ 4 ಇಂಚಿನ, ಅಂದರೆ ಸುಮಾರು 10 ಸೆಂಟಿಮೀಟರ್ ಅಗಲದ ಚೆಂಡು ತೂರಬಾರದು ಎಂಬ ಅಳತೆ ಇದೆ. ಬೇರೆ ಹಲವು ದೇಶಗಳ ಅಳತೆಯೂ ಇದರ ಆಸುಪಾಸಿನಲ್ಲಿದೆ. ಹಳೆಯ ಕಟ್ಟಡಗಳಲ್ಲಿ ಸಂದು ಇದಕ್ಕಿಂತ ದೊಡ್ಡದಿರಬಹುದು. ಕಂಬಿಗಳು ಅಡ್ಡಡ್ಡ ಇದ್ದರೆ ಮಕ್ಕಳಿಗೆ ಅದೇ ಏಣಿ. ಕಡಲ ಗಾಳಿಯ ಉಪ್ಪಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಕಂಬಿ ನೆಲಕ್ಕೆ ಕೂಡುವ ಜಾಗವನ್ನು ಬಗ್ಗಿ ನೋಡಿ. ಬಣ್ಣ ಉಬ್ಬಿ ಕೆಂಪು ಪುಡಿ ಉದುರುತ್ತಿದ್ದರೆ, ಕೈಯಲ್ಲಿ ಅಲ್ಲಾಡಿಸಿದಾಗ ಕಟಕಟ ಎಂದರೆ, ತಕ್ಷಣ ಬೇರೆ ಮನೆ ಕೇಳಿ. ಇದರಲ್ಲಿ ಸಂಕೋಚ ಬೇಡವೇ ಬೇಡ.

ಆಮೇಲೆ ಅಲ್ಲಿರುವ ಕುರ್ಚಿ, ಟೀಪಾಯಿ ನೋಡಿ. ಎಷ್ಟೇ ಎತ್ತರದ ಕಟಾಂಜನವಿದ್ದರೂ ಅದರ ಪಕ್ಕ ಕುರ್ಚಿ ಇದ್ದರೆ ಎತ್ತರ ಇಲ್ಲದ ಹಾಗೇ. ಮಗು ಕುರ್ಚಿಯನ್ನು ಎಳೆದುಕೊಂಡು ಹೋಗಿ ಹತ್ತುವುದಕ್ಕೆ ಒಂದು ನಿಮಿಷ ಬೇಡ. ನೀವು ಹೊರಗೆ ಕೂರದ ಹೊತ್ತಿನಲ್ಲಿ ಕುರ್ಚಿಗಳನ್ನು ಒಳಗೆ ತಂದಿಡಿ.

ಕೊನೆಗೆ ಗಾಜಿನ ಜಾರುವ ಬಾಗಿಲು. ಕೆಳಗಿನ ಹಿಡಿಯ ಲಾಕ್ ಮೂರು ವರ್ಷದ ಮಗುವಿಗೂ ತೆಗೆಯಲು ಬರುತ್ತದೆ. ಮೇಲೆ, ಮಗುವಿನ ಕೈಗೆ ಎಟುಕದ ಕಡೆ, ಎರಡನೇ ಚಿಲಕ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ರಿಸೆಪ್ಶನ್‌ನಲ್ಲಿ ಕೇಳಿ. ಮಕ್ಕಳಿರುವ ಕುಟುಂಬಗಳು ಜಾಸ್ತಿ ಬರುವ ಕಡೆ ಬಾಗಿಲಿನ ಹಳಿಗೆ ಅಡ್ಡ ಇಡುವ ಕೋಲನ್ನಾದರೂ ಕೊಡುತ್ತಾರೆ. ಬೆಡ್‌ರೂಮಿನ ಕಿಟಕಿ ಪಕ್ಕವೇ ಮಂಚವಿದ್ದರೆ ಅದಕ್ಕೂ ಇದೇ ಎಚ್ಚರಿಕೆ ಬೇಕು.

ಹಾಗಾದರೆ ಎಷ್ಟನೇ ಮಹಡಿ ಒಳ್ಳೆಯದು?

ತೆವಳುವ, ಹೊಸದಾಗಿ ನಡೆಯುವ ಮಕ್ಕಳಿದ್ದರೆ ಕೆಳಗಿನ ಮಹಡಿ. ಆದರೆ ನೆಲ ಮಹಡಿಯ ಮನೆ ನೇರ ಈಜುಕೊಳಕ್ಕೆ ತೆರೆದುಕೊಳ್ಳುತ್ತಿದ್ದರೆ ಬೇಡ. ಅಂಥ ಮನೆಯನ್ನು ಭಾರೀ ಆಕರ್ಷಕವಾಗಿ ತೋರಿಸುತ್ತಾರೆ. ಪುಟ್ಟ ಮಗುವಿಗೆ ಅದಕ್ಕಿಂತ ಅಪಾಯದ ಬಾಗಿಲು ಇನ್ನೊಂದಿಲ್ಲ. ಹಿರಿಯರಿದ್ದರೆ ಲಿಫ್ಟ್ ಎಷ್ಟಿವೆ, ಕರೆಂಟ್ ಹೋದರೆ ಜನರೇಟರ್ ಲಿಫ್ಟಿಗೂ ಇದೆಯಾ, ಮನೆಯೊಳಗಿನ ಎಸಿಗೂ ಇದೆಯಾ ಎಂದು ಕೇಳಿ. ಬಚ್ಚಲಿಗೆ ಮೆಟ್ಟಿಲು ಹತ್ತಿ ಇಳಿಯಬೇಕಾ, ಹಿಡಿದುಕೊಳ್ಳಲು ಕಂಬಿ ಇದೆಯಾ ಎಂಬುದೂ ಮುಖ್ಯ. ಬಾತ್‌ಟಬ್‌ನೊಳಗೆ ಕಾಲೆತ್ತಿ ಇಟ್ಟು ಸ್ನಾನ ಮಾಡುವುದು ಮಂಡಿ ನೋವಿನವರಿಗೆ ಆಗದ ಮಾತು.

ಅಡುಗೆ ಮನೆಯಲ್ಲಿ ಏನೇನು ಇರುತ್ತೆ?

‘ಪೂರ್ತಿ ಅಡುಗೆ ಮನೆ’ ಎಂದರೆ ಒಲೆ, ಫ್ರಿಜ್, ಸಿಂಕ್, ಪಾತ್ರೆ. ‘ಕಿಚನೆಟ್’ ಎಂದಿದ್ದರೆ ಒಂದು ಮೈಕ್ರೋವೇವ್, ಪುಟ್ಟ ಫ್ರಿಜ್, ಹೆಚ್ಚೆಂದರೆ ಎರಡು ಉರಿಯ ಒಲೆ. ಪಾತ್ರೆಗಳು ಮಾಲೀಕರು ಇಟ್ಟಿದ್ದು, ಹಾಗಾಗಿ ಮನೆಯಿಂದ ಮನೆಗೆ ಬೇರೆ. ದಪ್ಪ ತಳದ ಒಂದು ಪಾತ್ರೆ, ಹರಿತವಾದ ಒಂದು ಚಾಕು ಇದೆಯಾ ಎಂದು ಕೇಳಿದರೆ ಸಾಕು, ಉತ್ತರದಲ್ಲೇ ಅಡುಗೆ ಮನೆ ಎಂಥದ್ದು ಎಂದು ಗೊತ್ತಾಗುತ್ತದೆ. ಒಲೆ ಇಂಡಕ್ಷನ್ ಆಗಿದ್ದರೆ ನೀವು ತರುವ ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದಿಲ್ಲ.

ಬೆಳಗಿನ ಜಾವ ಹಸಿದು ಎದ್ದ ಮಗುವಿಗೆ ಐದು ನಿಮಿಷದಲ್ಲಿ ಏನಾದರೂ ಬಿಸಿ ಮಾಡಿಕೊಡಲು ಆಗುತ್ತದಲ್ಲ, ಅದೊಂದಕ್ಕೇ ನಾನು ಹೋಟೆಲ್ ರೂಮ್ ಬಿಟ್ಟು ಕಾಂಡೋ ಹುಡುಕುತ್ತೇನೆ. ಒಂದು ಎಚ್ಚರಿಕೆ: ಬಿಸಿ ಪ್ರದೇಶದಲ್ಲಿ ಇರುವೆಗಳು ಸಕ್ಕರೆಯ ಒಂದು ಹರಳನ್ನೂ ಬಿಡುವುದಿಲ್ಲ. ತೆರೆದ ಪ್ಯಾಕೆಟ್‌ಗಳೆಲ್ಲ ಫ್ರಿಜ್‌ಗೆ ಹೋಗಲಿ. ಗೋಡೆಯ ಮೇಲಿನ ಹಲ್ಲಿಗೆ ಹೆದರಬೇಡಿ, ಅದು ಹುಳು ತಿಂದುಕೊಂಡು ತನ್ನ ಪಾಡಿಗಿರುತ್ತದೆ.

ದಿನಾ ಬಂದು ಕ್ಲೀನ್ ಮಾಡ್ತಾರಾ?

ಬಹಳ ಕಡೆ ಇಲ್ಲ. ವಾರಕ್ಕೊಮ್ಮೆ ಇರಬಹುದು, ಅಥವಾ ನೀವು ಹೋದ ಮೇಲೆಯೇ ಇರಬಹುದು. ದಿನಾ ಬೇಕಿದ್ದರೆ ಬೇರೆ ಚಾರ್ಜು. ಟವೆಲ್ ಬದಲಿಸಿ ಕೊಡುತ್ತಾರಾ ಎಂಬುದನ್ನು ಮಾತ್ರ ಖಂಡಿತ ಕೇಳಿ.

ಎಸಿ ಹಾಕಿದರೂ ಮನೆ ಯಾಕೆ ತೇವ ತೇವ ಇರುತ್ತೆ?

ಸಾಮಾನ್ಯವಾಗಿ ಬಾಲ್ಕನಿ ಬಾಗಿಲು ತೆರೆದಿಟ್ಟು ಎಸಿ ಹಾಕಿರುವುದರಿಂದ. ಕಡಲ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ಅದು ತಣ್ಣಗಿನ ಟೈಲ್ಸಿಗೆ, ಕನ್ನಡಿಗೆ ತಾಗಿದ ಕೂಡಲೇ ಹನಿಯಾಗುತ್ತದೆ. ಹೊರಗಿನಿಂದ ಓಡಿ ಬಂದ ಮಗು ಆ ನೆಲದ ಮೇಲೆ ಜಾರುತ್ತದೆ. ಎಷ್ಟೋ ಕಡೆ ಬಾಗಿಲು ತೆರೆದರೆ ಎಸಿ ತಾನೇ ನಿಲ್ಲುವ ಸೆನ್ಸರ್ ಇಟ್ಟಿರುತ್ತಾರೆ. ಎಸಿ ಕೆಟ್ಟಿದೆ ಎಂದು ದೂರು ಕೊಡುವ ಮುಂಚೆ ಬಾಗಿಲು ಪೂರ್ತಿ ಹಾಕಿದೆಯಾ ನೋಡಿ.

ಒದ್ದೆ ಈಜುಡುಗೆಯನ್ನು ಒಳಗಡೆ ಒಣಹಾಕಬೇಡಿ. ಹೊರಗಿನ ಕಟಾಂಜನದ ಮೇಲೆ ಬಟ್ಟೆ ಹಾಕಲು ಬಿಡದ ಕಟ್ಟಡಗಳು ಬಹಳ, ಹಾಗಾಗಿ ಮಡಚುವ ಸ್ಟ್ಯಾಂಡ್ ಇದೆಯಾ ಕೇಳಿ. ಮರಳನ್ನು ಬಾಗಿಲಲ್ಲೇ ತಡೆಯಿರಿ. ಬೀಚ್ ಕಡೆಯ ಗೇಟಿನ ಹತ್ತಿರ ಸಾಮಾನ್ಯವಾಗಿ ಕಾಲು ತೊಳೆಯುವ ನಲ್ಲಿ ಇರುತ್ತದೆ. ಮಕ್ಕಳ ಬಟ್ಟೆಯನ್ನು ಅಲ್ಲೇ ಜಾಲಿಸಿ ತನ್ನಿ. ಜೇಬಿನಲ್ಲಿ ಒಂದು ಹಿಡಿ ಮರಳಿದ್ದರೂ ವಾಷಿಂಗ್ ಮಷಿನ್ನಿನ ಪೈಪು ಕಟ್ಟಿಕೊಳ್ಳಬಹುದು.

‘ಬೀಚ್‌ಫ್ರಂಟ್’, ‘ಬೀಚ್ ಸೈಡ್’, ‘ಓಷನ್ ವ್ಯೂ’ ಎಲ್ಲಾ ಒಂದೇನಾ?

ಅಲ್ಲ. ಬೀಚ್‌ಫ್ರಂಟ್ ಎಂದರೆ ಕಟ್ಟಡಕ್ಕೂ ಮರಳಿಗೂ ಮಧ್ಯೆ ರಸ್ತೆ ಇರಬಾರದು. ಉಳಿದ ಮಾತುಗಳಿಗೆ ಇಂಥದ್ದೇ ಅರ್ಥ ಅಂತಿಲ್ಲ. ಓಷನ್ ವ್ಯೂ ಎಂದರೆ ಬಾಲ್ಕನಿಯ ಒಂದು ಮೂಲೆಯಿಂದ ಇಣುಕಿದರೆ ನೀರು ಕಾಣಬಹುದು, ಅಷ್ಟೇ. ಮ್ಯಾಪ್‌ನಲ್ಲಿ ಉಪಗ್ರಹದ ಚಿತ್ರ ತೆರೆದು ನೋಡಿ. ನಾಲ್ಕು ಲೇನಿನ ರಸ್ತೆ ದಾಟಬೇಕಾದರೆ, ಮಕ್ಕಳು, ಛತ್ರಿ, ಬಕೆಟ್ಟು ಎಲ್ಲ ಹಿಡಿದುಕೊಂಡು ದಿನಕ್ಕೆ ಎರಡು ಸಲ ಅದನ್ನು ದಾಟುವುದು ಹೇಗೆ ಎಂದು ಯೋಚಿಸಿ.

ಕೆರಿಬಿಯನ್ ಕಡೆಯ ತೀರಗಳಿಗೆ 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಬಣ್ಣದ ಕಡಲಕಳೆ ರಾಶಿ ರಾಶಿಯಾಗಿ ಬಂದು ಬೀಳುತ್ತಿದೆ. ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ಆ ಕಡೆ ಹೋಗುವವರು ಬುಕ್ ಮಾಡುವ ಮುಂಚೆ ಇತ್ತೀಚಿನ ಫೋಟೋಗಳನ್ನು ನೋಡುವುದು ಒಳ್ಳೆಯದು.

ಮಕ್ಕಳನ್ನು ಸಮುದ್ರಕ್ಕೆ ಇಳಿಸಬಹುದಾ?

ಲೈಫ್‌ಗಾರ್ಡ್ ಇರುವ ಜಾಗದಲ್ಲಿ, ಬಾವುಟ ನೋಡಿ, ನೀವೂ ಜೊತೆಗೆ ಇಳಿಯುವುದಾದರೆ ಇಳಿಸಬಹುದು. ಹೋಟೆಲ್ ಮುಂದಿನ ತೀರದಲ್ಲಿ ಲೈಫ್‌ಗಾರ್ಡ್ ಇರಲೇಬೇಕೆಂದಿಲ್ಲ. ಕೇಳಿಕೊಳ್ಳಿ. ಬಾವುಟದ ಬಣ್ಣಗಳು ದೇಶದಿಂದ ದೇಶಕ್ಕೆ ಸ್ವಲ್ಪ ಬೇರೆಯಾದರೂ ಕೆಂಪು ಎಂದರೆ ಅಪಾಯ, ಹಳದಿ ಎಂದರೆ ಎಚ್ಚರಿಕೆ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಬಾವುಟಗಳ ಜೋಡಿ ಇದ್ದರೆ ಅವೆರಡರ ನಡುವಿನ ಜಾಗವನ್ನು ಲೈಫ್‌ಗಾರ್ಡ್ ಕಾಯುತ್ತಿದ್ದಾರೆ ಎಂದರ್ಥ. ನೇರಳೆ ಬಾವುಟ ಕಂಡರೆ ನೀರಿನಲ್ಲಿ ಜೆಲ್ಲಿಫಿಶ್‌ನಂಥ ಜೀವಿಗಳಿವೆ.

ಜನರನ್ನು ಮೋಸ ಮಾಡುವುದು ರಿಪ್ ಕರೆಂಟ್, ಅಂದರೆ ದಡದಿಂದ ಸಮುದ್ರದ ಒಳಕ್ಕೆ ಹರಿಯುವ ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಬೇಕಲ್ಲ, ಅದು ಒಂದು ಕಿರಿದಾದ ಓಣಿ ಮಾಡಿಕೊಂಡು ಹೋಗುತ್ತದೆ. ದಡದಲ್ಲಿ ನಿಂತು ನೋಡಿ. ಎರಡೂ ಕಡೆ ಅಲೆ ಒಡೆದು ಬಿಳಿ ನೊರೆ ಎದ್ದಿರುತ್ತದೆ, ಮಧ್ಯದಲ್ಲಿ ಒಂದು ಪಟ್ಟಿ ಮಾತ್ರ ಗಾಢ ಬಣ್ಣದ್ದು, ಅಲೆಯಿಲ್ಲದೆ ಶಾಂತ. ಅಪ್ಪ ಅಮ್ಮಂದಿರು ‘ಇಲ್ಲಿ ಅಲೆ ಕಡಿಮೆ ಇದೆ, ಬಾ ಮಗಾ’ ಎಂದು ಮಗುವನ್ನು ಕರೆದುಕೊಂಡು ಹೋಗುವುದು ಸರಿಯಾಗಿ ಅಲ್ಲಿಗೇ. ಆ ಪಟ್ಟಿಯೇ ಸೆಳೆತ. ಕೆಲವೊಮ್ಮೆ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಎಂಥ ಈಜುಗಾರರೂ ಅದಕ್ಕೆ ಎದುರಾಗಿ ಈಜಿ ಗೆಲ್ಲಲಾರರು.

ಸಿಕ್ಕಿಕೊಂಡರೆ ಗಾಬರಿಯಾಗಬೇಡಿ. ಅದು ಹೊರಕ್ಕೆ ಎಳೆಯುತ್ತದೆಯೇ ಹೊರತು ಕೆಳಕ್ಕೆ ಎಳೆಯುವುದಿಲ್ಲ. ದಡದ ಕಡೆ ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತ ಕಡಿಮೆಯಾದ ಮೇಲೆ ಓರೆಯಾಗಿ ದಡಕ್ಕೆ ಬನ್ನಿ. ಈಜಲು ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ. ಇನ್ನೊಬ್ಬರು ಸಿಕ್ಕಿಕೊಂಡಿದ್ದರೆ ಸುಮ್ನೆ ಹಾರಬೇಡಿ. ತೇಲುವ ವಸ್ತು ಎಸೆಯಿರಿ, ಲೈಫ್‌ಗಾರ್ಡ್ ಕರೆಯಿರಿ. ಉಳಿಸಲು ಹೋದವರೇ ಮುಳುಗಿದ ಉದಾಹರಣೆಗಳು ಬಹಳ ಇವೆ.

ಹಾಗಾದರೆ ಈಜುಕೊಳವೇ ಸೇಫ್ ಅಲ್ವಾ?

ಅಲೆ ಇಲ್ಲ ಎಂಬ ಕಾರಣಕ್ಕೆ ದೊಡ್ಡವರು ಫೋನ್ ತೆಗೆಯುವ ಜಾಗ ಅದು. ಕಾಂಡೋಗಳ ಕೊಳದಲ್ಲಿ ಬಹಳ ಕಡೆ ಲೈಫ್‌ಗಾರ್ಡ್ ಇರುವುದಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ, ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಐದಾರು ಜನ ದೊಡ್ಡವರಿದ್ದಾಗ ಅಪಾಯ ಇನ್ನೂ ಜಾಸ್ತಿ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಹೆಸರು ಹಿಡಿದು ಸರದಿ ಹಾಕಿ: ಈ ಅರ್ಧ ಗಂಟೆ ಚಿಕ್ಕಪ್ಪ, ಆಮೇಲೆ ಅತ್ತೆ. ಸರದಿಯವರು ಮಗುವಿಗೆ ಕೈ ಎಟುಕುವಷ್ಟು ಹತ್ತಿರ ಇರಬೇಕು. ತೋಳಿಗೆ ಹಾಕುವ ಗಾಳಿ ತುಂಬಿದ ಪಟ್ಟಿ ಆಟಿಕೆ, ಅದು ಲೈಫ್ ಜಾಕೆಟ್ ಅಲ್ಲ. ನೀರನ್ನು ಒಳಕ್ಕೆ ಎಳೆದುಕೊಳ್ಳುವ, ಕೊಳದ ತಳದ ಜಾಲರಿಯ ಹತ್ತಿರ ಆಡಲು ಬಿಡಬೇಡಿ, ಉದ್ದ ಕೂದಲನ್ನು ಕಟ್ಟಿ.

ಬಿಸಿಲಿಗೆ ಏನು ಮಾಡಬೇಕು?

ಉಷ್ಣವಲಯದಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಯುವಿ ಸೂಚ್ಯಂಕ (ಚರ್ಮ ಸುಡುವ ನೇರಳಾತೀತ ಕಿರಣಗಳ ಅಳತೆ) 11 ದಾಟುವುದು ಮಾಮೂಲಿ, ಅದು ಅತಿ ಅಪಾಯದ ಮಟ್ಟ. ತೆಳು ಮೋಡ ಇದ್ದರೂ ಚರ್ಮ ಸುಡುತ್ತದೆ. ಬೆಳಗ್ಗೆ ಹತ್ತರೊಳಗೆ ಒಂದು ಸಲ, ಸಂಜೆ ನಾಲ್ಕರ ಮೇಲೆ ಒಂದು ಸಲ ತೀರಕ್ಕೆ ಹೋಗಿ. ನಡುವಿನ ಹೊತ್ತು ಊಟ, ನಿದ್ದೆ. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಬೇಕು. ಉದ್ದ ತೋಳಿನ ಈಜುಡುಗೆ ಹಾಕಿದರೆ ಅರ್ಧ ಕೆಲಸ ಉಳಿಯುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಸನ್‌ಸ್ಕ್ರೀನ್‌ಗಿಂತ ನೆರಳೇ ಸರಿ.

ಹವಾಯಿಯಲ್ಲಿ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವುದನ್ನು 2021ರಿಂದ ನಿಲ್ಲಿಸಿದ್ದಾರೆ. ಹವಳಕ್ಕೆ ಹಾನಿ ಎಂಬ ಕಾರಣಕ್ಕೆ. ಹವಳ ಇರುವ ತೀರಕ್ಕೆ ಹೋಗುವುದಾದರೆ ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ.

ಇನ್ನೊಂದು ಮಾತು: ಭೂಮಧ್ಯರೇಖೆಯ ಹತ್ತಿರ ಬಹಳ ಕಡೆ ಸಂಜೆ ಆರೂವರೆಯ ಆಸುಪಾಸಿಗೆ ಕತ್ತಲಾಗುತ್ತದೆ, ಅದೂ ಬಹಳ ಬೇಗ. ಸೂರ್ಯ ಮುಳುಗುವುದನ್ನು ನೋಡಿ ಎದ್ದ ಕೂಡಲೇ ಮಕ್ಕಳನ್ನು ಒಟ್ಟು ಮಾಡಿ.

ಸೊಳ್ಳೆ, ಜೆಲ್ಲಿಫಿಶ್?

ಡೆಂಗಿ ಹರಡುವ ಸೊಳ್ಳೆ ಹಗಲೇ ಕಚ್ಚುತ್ತದೆ, ಬೆಳಗ್ಗೆ ಮತ್ತು ಸಂಜೆಗೆ ಮುಂಚೆ ಜಾಸ್ತಿ. ಕಿಟಕಿಗಳಿಗೆ ಜಾಲರಿ ಇದೆಯಾ ಕೇಳಿ. ಬಾಲ್ಕನಿಯ ಹೂಕುಂಡದ ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿ. ಎರಡು ತಿಂಗಳೊಳಗಿನ ಕೂಸಿಗೆ ಸೊಳ್ಳೆ ಕ್ರೀಮ್ ಹಚ್ಚದೆ, ಪರದೆಯೊಳಗೆ ಮಲಗಿಸಿ.

ಜೆಲ್ಲಿಫಿಶ್ ಕುಟುಕಿದರೆ ಮರಳು ಹಾಕಿ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ವಿನೆಗರ್ ಕೆಲವು ಜಾತಿಗೆ ಮಾತ್ರ ಸರಿ, ಆ ತೀರದ ಲೈಫ್‌ಗಾರ್ಡ್‌ಗೆ ಅದು ಗೊತ್ತಿರುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಚಂಡಮಾರುತ ಬಂದರೆ ದುಡ್ಡು ವಾಪಸ್ ಬರುತ್ತಾ?

ರದ್ದತಿ ನಿಯಮದ ಮೇಲೆ ಹೋಗುತ್ತದೆ. ಕಾಂಡೋಗಳ ನಿಯಮ ಹೋಟೆಲ್‌ಗಿಂತ ಬಿಗಿ ಇರುವುದು ಸಾಮಾನ್ಯ. ಅಟ್ಲಾಂಟಿಕ್ ಕಡೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಭೂಮಧ್ಯರೇಖೆಯ ದಕ್ಷಿಣಕ್ಕೆ ಹೆಚ್ಚು ಕಡಿಮೆ ನವೆಂಬರ್‌ನಿಂದ ಏಪ್ರಿಲ್. ಆ ತಿಂಗಳುಗಳಲ್ಲಿ ಬಾಡಿಗೆ ಅಗ್ಗ ಇರುವುದೂ ಅದಕ್ಕೇ. ಪ್ರವಾಸ ವಿಮೆ ತೆಗೆದುಕೊಳ್ಳುವುದಾದರೆ ಬುಕ್ ಮಾಡಿದ ದಿನವೇ ತೆಗೆದುಕೊಳ್ಳಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಅದಕ್ಕೆ ಅನ್ವಯಿಸುವುದಿಲ್ಲ.

ಮಕ್ಕಳು ಗಲಾಟೆ ಮಾಡಿದರೆ ತೊಂದರೆಯಾ?

ಅದೇ ಮಹಡಿಯಲ್ಲಿ ವರ್ಷವಿಡೀ ಇರುವ ಮಾಲೀಕರೂ ಇರಬಹುದು. ರಾತ್ರಿ ಹತ್ತರ ಮೇಲೆ ಸದ್ದು ಬೇಡ ಎಂಬ ನಿಯಮ ಬಹಳ ಕಡೆ ಇದೆ, ಮೀರಿದರೆ ದಂಡವೂ ಇರುತ್ತದೆ. ಕೆಳಗಿನವರಿಗೆ ಕೇಳಿಸುವುದು ಮಾತಿಗಿಂತ ಹೆಚ್ಚಾಗಿ ಓಡಾಟ, ಕುರ್ಚಿ ಎಳೆಯುವ ಸದ್ದು. ಕಡಲಾಮೆ ಮೊಟ್ಟೆಯಿಡುವ ತೀರವಾದರೆ ರಾತ್ರಿ ಬಾಲ್ಕನಿಯ ದೀಪ ಆರಿಸಿ, ಪರದೆ ಎಳೆಯಿರಿ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕನ್ನು ನೋಡಿ ಸಮುದ್ರ ಬಿಟ್ಟು ಕಟ್ಟಡದ ಕಡೆ ತೆವಳುತ್ತವೆ. ಮಕ್ಕಳು ಮರಳಲ್ಲಿ ತೋಡಿದ ಗುಂಡಿಗಳನ್ನೂ ಸಂಜೆ ಮುಚ್ಚಿಸಿ, ತಾಯಿ ಆಮೆ ಅದರಲ್ಲಿ ಬಿದ್ದರೆ ಹೊರಬರಲಾರದು.

ಡೆಪಾಸಿಟ್ ಪೂರ್ತಿ ವಾಪಸ್ ಬರಬೇಕಾದರೆ ಏನು ಮಾಡಬೇಕು?

ಒಳಗೆ ಹೋದ ದಿನವೇ ಪ್ರತಿ ಕೋಣೆಯ ವಿಡಿಯೋ ಮಾಡಿ. ಒಡೆದ ಲೋಟ, ಸೋಫಾದ ಕಲೆ, ಗೀರಿದ ಟಿವಿ, ಏನು ಕಂಡರೂ ಅವತ್ತೇ ಮೆಸೇಜ್ ಹಾಕಿ. ಹೊರಡುವಾಗ ಏನು ಮಾಡಿ ಹೋಗಬೇಕು ಎಂಬುದನ್ನು ಮನೆಯಲ್ಲಿ ಬರೆದಿಟ್ಟಿರುತ್ತಾರೆ: ಪಾತ್ರೆ ತೊಳೆಯುವುದು, ಕಸ ಕೆಳಗೆ ಹಾಕುವುದು, ಹಾಸಿಗೆಯ ಬಟ್ಟೆ ತೆಗೆದಿಡುವುದು, ಹೀಗೆ. ಬೆಳಗ್ಗೆ ಚೆಕ್ ಔಟ್, ರಾತ್ರಿ ವಿಮಾನ ಆದರೆ ಬ್ಯಾಗ್ ಇಡಲು, ಸ್ನಾನ ಮಾಡಲು ಕೊಳದ ಪಕ್ಕದ ಕೋಣೆ ಸಿಗುತ್ತದಾ ಎಂದು ಹಿಂದಿನ ದಿನವೇ ಕೇಳಿ. ಎಷ್ಟೋ ಕಡೆ ಕೊಡುತ್ತಾರೆ. ಡೆಪಾಸಿಟ್ ಕಾರ್ಡಿಗೆ ಬರಲು ಕೆಲವು ದಿನ ಹಿಡಿಯುತ್ತದೆ. ಎಷ್ಟು ದಿನ ಎಂದು ಕೇಳಿ, ಕೀ ಕೊಟ್ಟಿದ್ದಕ್ಕೆ ಒಂದು ರಸೀದಿಯನ್ನೋ ಮೆಸೇಜನ್ನೋ ತೆಗೆದುಕೊಂಡು ಹೊರಡಿ.